ಸೋಶಿಯಲ್ ಮೀಡಿಯಾ ಬಿಡುವುದು ಹೇಗೆ? ಆ್ಯಪ್ ತೆಗೆದರೆ ಸಾಲದು

ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ 'ಬಿಟ್ಟೇಬಿಟ್ಟೆ' ಅಂದವರನ್ನು ತುಂಬ ನೋಡಿದ್ದೇನೆ. ವಾರ ಕಳೆಯುವುದರೊಳಗೆ ವಾಪಸ್ ಬಂದಿರುತ್ತಾರೆ. ನಿದ್ದೆ ಕೆಟ್ಟಿದೆ, ಯಾರದೋ ಪ್ರವಾಸದ ಫೋಟೊ ನೋಡಿ ಮನಸ್ಸು ಮುದುಡಿದೆ ಎಂದು ನೊಂದುಕೊಂಡವರೇ. ಅವರಲ್ಲಿ ಛಲವಿಲ್ಲ ಅಂತಲ್ಲ. ಎಷ್ಟು ಕೆಳಗೆ ಸರಿಸಿದರೂ ಆ ಪುಟ ಮುಗಿಯುವುದೇ ಇಲ್ಲ. ಅದನ್ನು ಕಟ್ಟಿರುವುದೇ ಹಾಗೆ.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಫೋಟೊ, ಮೆಸೇಜ್ ಎಲ್ಲ ಡೌನ್‌ಲೋಡ್ ಮಾಡಿಕೊಳ್ಳಿ. ಬೇಕಾದವರ ಫೋನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಆಮೇಲೆ, ಆ ಖಾತೆಯ ಮೂಲಕವೇ ಲಾಗಿನ್ ಆಗುವ ಬೇರೆ ಆ್ಯಪ್‌ಗಳನ್ನು ಹುಡುಕಿ, ಇಮೇಲ್‌ಗೆ ಬದಲಿಸಿ. ಇದನ್ನು ಮರೆತವರು ಆಟದ್ದೋ ಹಾಡಿನದ್ದೋ ಆ್ಯಪ್ ತೆರೆಯಲಾಗದೆ ಹಳೇ ಖಾತೆಯನ್ನೇ ಮತ್ತೆ ಎಬ್ಬಿಸುತ್ತಾರೆ.

ಈಗ ಡಿಲೀಟ್. ಖಾತೆಯನ್ನು ತಾತ್ಕಾಲಿಕವಾಗಿ ಮುಚ್ಚಿಡುವ ಡಿಆ್ಯಕ್ಟಿವೇಟ್ ಬೇಡ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಮಾತ್ರ ಬೇರೆ ಡಿಲೀಟ್ ಬಟನ್ ಇಲ್ಲ, ಡಿಆ್ಯಕ್ಟಿವೇಟ್ ಮಾಡುವುದೇ ದಾರಿ. ಫೇಸ್‌ಬುಕ್ ಡಿಆ್ಯಕ್ಟಿವೇಟ್ ಮಾಡಿದರೂ ಮೆಸೆಂಜರ್ ನಡೆಯುತ್ತಲೇ ಇರಬಹುದು.

ಕಷ್ಟ ಶುರುವಾಗುವುದು ಇಲ್ಲಿಂದ. ಡಿಲೀಟ್ ಒತ್ತಿದ ತಕ್ಷಣ ಖಾತೆ ಹೋಗುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಎಕ್ಸ್ ಮೂರರಲ್ಲೂ 30 ದಿನ ಗಡುವು. ಅಷ್ಟರಲ್ಲಿ ಲಾಗಿನ್ ಆಗಿ ಒಂದು ಬಟನ್ ಒತ್ತಿದರೆ ಎಲ್ಲ ಮೊದಲಿನಂತೆ. ಜಾರುವುದು ಹೆಚ್ಚಾಗಿ ರಾತ್ರಿ, ಹಾಸಿಗೆಯಲ್ಲಿ. ಐಕಾನ್ ಇದ್ದ ಜಾಗಕ್ಕೆ ಹೆಬ್ಬೆರಳು ತಾನಾಗಿ ಹೋಗುತ್ತದೆ. ಅಲ್ಲಿ ಏನೂ ಇಲ್ಲ. ಸುಮ್ನೆ ಬ್ರೌಸರ್ ತೆರೆಯುತ್ತೀರಿ, ಅದು ಪಾಸ್‌ವರ್ಡ್ ನೆನಪಿಟ್ಟುಕೊಂಡಿರುತ್ತದೆ. ಮುಗೀತು ಅಲ್ವಾ?

ಹಾಗಾಗಿ ಡಿಲೀಟ್ ಒತ್ತುವ ದಿನವೇ ಫೋನ್, ಕಂಪ್ಯೂಟರ್ ಎರಡರಲ್ಲೂ ಉಳಿಸಿಟ್ಟ ಪಾಸ್‌ವರ್ಡ್ ಅಳಿಸಿ. ಅದಕ್ಕೂ ಮೊದಲು ಪಾಸ್‌ವರ್ಡನ್ನು ಬಾಯಿಗೆ ಬಾರದಷ್ಟು ಉದ್ದಕ್ಕೆ ಬದಲಿಸಿ, ಚೀಟಿಯಲ್ಲಿ ಬರೆದು ನಂಬಿಕೆಯವರ ಕೈಗೆ ಕೊಡಿ. 'ವಾಪಸ್ ಬನ್ನಿ' ಎನ್ನುವ ಇಮೇಲ್ ಬಂದರೆ ತೆರೆಯದೆ ಅಳಿಸಿ. ಫೋನ್ ಮಲಗುವ ಕೋಣೆಯ ಹೊರಗಿರಲಿ, ಎಬ್ಬಿಸಲು ಅಲಾರಂ ಗಡಿಯಾರ ಸಾಕು. ಇದರಲ್ಲಿ ನನ್ನದು ರಾಜಿ ಇಲ್ಲ. ಹೊತ್ತು ಮಿತಿ ಹಾಕುವ ಆ್ಯಪ್‌ಗಳಿಗೆ ದುಡ್ಡು ಕೊಡಬೇಡಿ. 'ಇನ್ನು 15 ನಿಮಿಷ' ಎಂಬ ಬಟನ್ ಇದ್ದರೆ ಅದನ್ನೇ ಒತ್ತುತ್ತೇವೆ.

ಮೊದಲ ವಾರ ಕಿರಿಕಿರಿ ಜಾಸ್ತಿ. ಯಾರಿಗಾದರೂ ಫೋನ್ ಮಾಡಿ ಮಾತಾಡಿ.

ಗಡುವಿನ ಕೊನೇ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಖಾತೆ ಹೋಯಿತೋ ಇಲ್ಲವೋ ನೋಡೋಣ ಎಂದು ನಡುವೆ ಲಾಗಿನ್ ಆಗಬೇಡಿ. ನೋಡಲೇಬೇಕು ಅನಿಸಿದರೆ, ಗಡುವು ದಾಟಿದ ಮೇಲೆ ಗೆಳೆಯರ ಫೋನಿನಲ್ಲಿ ನಿಮ್ಮ ಹೆಸರು ಹುಡುಕಲು ಹೇಳಿ.