ಬ್ರಿಟನ್‌ನಲ್ಲಿ ಹಳೆ ಕಾರು ಕೊಳ್ಳುವ ಹೊಸಬರಿಗೆ: ವೀಲ್ ನಟ್ ಕೀ ಕೇಳಿ ಇಸ್ಕೊಳ್ಳಿ

ಇಲ್ಲಿಗೆ ಬಂದ ಹೊಸದರಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗುವವರು ಇಂಜಿನ್ ಸದ್ದು ಕೇಳುತ್ತಾರೆ, ಎಂಒಟಿ (ಗಾಡಿಯ ವಾರ್ಷಿಕ ಕಡ್ಡಾಯ ತಪಾಸಣೆ) ಯಾವಾಗ ಮುಗಿಯುತ್ತೆ ನೋಡುತ್ತಾರೆ, ಸರ್ವಿಸ್ ಪುಸ್ತಕ ತಿರುವಿ ಹಾಕುತ್ತಾರೆ. ಲಾಕಿಂಗ್ ವೀಲ್ ನಟ್ ಕೀ ಎಲ್ಲಿದೆ ಅಂತ ಕೇಳುವವರು ಬಹಳ ಕಡಿಮೆ. ದಯವಿಟ್ಟು ಕೇಳಿ.

ಅಲಾಯ್ ಚಕ್ರ ಕದಿಯುವವರ ಕಾಟ ತಪ್ಪಿಸೋಕೆ ಇಲ್ಲಿನ ಬಹಳಷ್ಟು ಕಾರುಗಳಲ್ಲಿ ಪ್ರತಿ ಚಕ್ರಕ್ಕೂ ಒಂದು ನಟ್ ಬೇರೆ ಥರದ್ದು ಹಾಕಿರುತ್ತಾರೆ. ಕೆಲವು ಕಾರುಗಳಲ್ಲಿ ನಟ್ ಬದಲು ಬೋಲ್ಟ್ ಇರುತ್ತೆ, ವಿಷಯ ಒಂದೇ. ಅದರ ತಲೆಯಲ್ಲಿ ಹೂವಿನ ಎಸಳಿನಂಥ ಅಂಕುಡೊಂಕು ಗೆರೆ. ಆ ಗೆರೆಗೆ ಸರಿಯಾಗಿ ಕೂರುವ ಕೀ ಇದ್ದರೆ ಮಾತ್ರ ನಟ್ ತಿರುಗುತ್ತದೆ. ಕೀ ಅಂದರೆ ಹೆಬ್ಬೆರಳಿನಷ್ಟು ಉದ್ದದ ಕಬ್ಬಿಣದ ತುಂಡು. ಗ್ಲೋವ್ ಬಾಕ್ಸ್, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಜಾಕ್ ಜೋಡಿಸಿಟ್ಟ ಥರ್ಮೋಕೋಲ್, ಸೀಟಿನ ಕೆಳಗೆ, ಇವುಗಳಲ್ಲಿ ಎಲ್ಲಾದರೂ ಇರಬೇಕು. ಮಾರುವವರ ಎದುರಿಗೇ ಹುಡುಕಿ. ನಾಲ್ಕೂ ಚಕ್ರಕ್ಕೆ ಇಟ್ಟು ನೋಡಿ. ಸಿಗಲಿಲ್ಲ ಅಂದರೆ ಅದನ್ನು ತರಿಸಿಕೊಡಿ ಅನ್ನಿ, ಇಲ್ಲವೇ ಬೆಲೆ ಇಳಿಸಿ. ಕೀ ಮೇಲೆ ಅಥವಾ ಅದರ ಜೊತೆಗಿರುವ ಚೀಟಿಯಲ್ಲಿ ಕೋಡ್ ಇದ್ದರೆ ಅದರ ಫೋಟೋ ಫೋನಿನಲ್ಲಿ ಇರಲಿ. ಕೀ ಕಳೆದರೆ ಡೀಲರ್ ಹತ್ತಿರ ಹೊಸದು ತರಿಸೋಕೆ ಆ ಕೋಡ್ ಬೇಕಾಗುತ್ತೆ.

ಇಷ್ಟೆಲ್ಲ ಯಾಕೆ ಅಂದರೆ, ರಾತ್ರಿ ಮೋಟರ್‌ವೇಯಲ್ಲಿ ಟೈರ್ ಹೋಗಿ, ಸಹಾಯದ ವ್ಯಾನ್ ಬಂದರೂ, ಕೀ ಇಲ್ಲದೆ ಅವರು ಚಕ್ರ ಬಿಚ್ಚುವುದು ಕಷ್ಟ. ಗಾಡಿ ಎಳೆಸಿಕೊಂಡು ಹೋಗಬೇಕು. ಊರಲ್ಲಾದರೆ ಮೂಲೆಗೊಂದು ಪಂಚರ್ ಅಂಗಡಿ ಇರುತ್ತೆ. ಇಲ್ಲಿ ಆ ಹೊತ್ತಲ್ಲಿ ಯಾರೂ ಸಿಗಲ್ಲ, ಮಕ್ಕಳು ಹಿಂದಿನ ಸೀಟಲ್ಲಿ ಕೂತಿರುತ್ತಾರೆ.

ಕೀ ಹಾಳಾಗೋದು ಹೆಚ್ಚಾಗಿ ಟೈರ್ ಅಂಗಡಿಯಲ್ಲೇ. ಕಾರಿನ ಪುಸ್ತಕದಲ್ಲಿ ನಟ್‌ಗೆ ಎಷ್ಟು ಬಿಗಿ ಬೇಕು ಅಂತ ಬರೆದಿರುತ್ತೆ. ಸಾಮಾನ್ಯ ಕಾರುಗಳಿಗೆ ಅದು 100ರಿಂದ 140 ನ್ಯೂಟನ್ ಮೀಟರ್ ಆಸುಪಾಸು. ಇಂಪ್ಯಾಕ್ಟ್ ಗನ್ (ನಟ್ ತಿರುಗಿಸುವ ಯಂತ್ರ) ಹಿಡಿದು ಅವಸರದಲ್ಲಿ ಬಿಗಿದರೆ ಅದರ ಎರಡು ಮೂರು ಪಟ್ಟು ಬೀಳಬಹುದು. ಮುಂದಿನ ಸಲ ಅದೇ ಗನ್‌ನಲ್ಲಿ ಬಿಚ್ಚುವಾಗ ಕೀಯ ತೆಳು ಅಂಚು ಉರುಟಾಗುತ್ತೆ, ಇಲ್ಲವೇ ಕಟ್ಟಾಗಿ ನಟ್ ಒಳಗೇ ಉಳಿಯುತ್ತೆ. ಹಾಗಾಗಿ ಗಾಡಿ ಬಿಡುವಾಗಲೇ ಹೇಳಿ: ಲಾಕಿಂಗ್ ನಟ್‌ಗೆ ಗನ್ ಬೇಡ, ಕೈಯಲ್ಲಿ ಬಿಚ್ಚಿ, ಟಾರ್ಕ್ ರೆಂಚ್‌ನಲ್ಲಿ (ಬಿಗಿ ಅಳೆಯುವ ಪಾನಾ) ಬಿಗಿಯಿರಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳಲ್ಲ. ಕೀ ಕೊಡುವ ಮುಂಚೆ ಅದರದ್ದೂ ನಾಲ್ಕು ನಟ್‌ಗಳದ್ದೂ ಫೋಟೋ ತೆಗೆಯಿರಿ. ವಾಪಸ್ ಬಂದಾಗ ಕೀ ಇದೆಯಾ ಅಂತ ಅಲ್ಲೇ ನೋಡಿ. ಅದನ್ನು ತಮ್ಮ ಟ್ರೇಯಲ್ಲೇ ಮರೆತು ಗಾಡಿ ಕೊಡುವ ಗ್ಯಾರೇಜ್‌ಗಳಿವೆ.

ನಟ್ ಈಗಾಗಲೇ ಕಚ್ಚಿಕೊಂಡಿದ್ದರೆ ಅವಸರ ಬೇಡ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪು, ಬ್ರೇಕ್ ಧೂಳು, ತುಕ್ಕು ಎಲ್ಲ ಸೇರಿ ನಟ್‌ನ ಗೆರೆಯೊಳಗೆ ಗಟ್ಟಿಯಾಗಿ ಕೂತಿರುತ್ತೆ. ಕೀ ಮೇಲೆಮೇಲೆ ಕೂತಂತೆ ಕಾಣುತ್ತೆ, ತಿರುಗಿಸಿದರೆ ಜಾರುತ್ತೆ. ಹಳೆ ಟೂತ್‌ಬ್ರಷ್, ಸಣ್ಣ ಮೊಳೆ ಹಿಡಿದು ಆ ಗೆರೆಗಳನ್ನು ಪೂರ್ತಿ ಕೆರೆದು ತೆಗೆಯಿರಿ. ಮೆತ್ತಗೆ ತಟ್ಟಿ ಕೀಯನ್ನು ತಳದವರೆಗೆ ಕೂರಿಸಿ. ತುಕ್ಕು ಬಿಡಿಸುವ ಎಣ್ಣೆ ಹಾಕುವುದಾದರೆ ಒಂದೆರಡು ಹನಿ ಸಾಕು, ಬ್ರೇಕ್ ಡಿಸ್ಕ್‌ಗೆ ತಾಗಕೂಡದು. ಪಕ್ಕದ ಮಾಮೂಲಿ ನಟ್‌ಗಳನ್ನು ಪುಸ್ತಕದಲ್ಲಿ ಹೇಳಿದಷ್ಟು ಬಿಗಿ ಮಾಡಿ. ಆಗ ಲಾಕಿಂಗ್ ನಟ್ ಮೇಲಿನ ಭಾರ ಸ್ವಲ್ಪ ಇಳಿಯುತ್ತೆ. ಆಮೇಲೆ ಉದ್ದ ಹಿಡಿಯ ಪಾನಾ ಹಾಕಿ ನಿಧಾನವಾಗಿ, ಜರ್ಕ್ ಕೊಡದೆ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿಗೆ ಒತ್ತಿ. ಗಾಡಿ ನೆಲದ ಮೇಲೇ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಜಾಕ್ ಮೇಲೆ ನಿಂತ ಗಾಡಿಗೆ ಇಷ್ಟು ಬಲ ಹಾಕಲೇಬೇಡಿ. ಮೋಟರ್‌ವೇ ಪಕ್ಕದಲ್ಲಂತೂ ಈ ಪ್ರಯತ್ನವೇ ಬೇಡ.

ಕೀ ಸವೆದಿದ್ದರೆ ಎಡ ಸುರುಳಿ ಹಲ್ಲಿನ ಸಾಕೆಟ್ ಸಿಗುತ್ತೆ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ, ತಿರುಗಿಸಿದಷ್ಟೂ ನಟ್‌ಗೆ ಕಚ್ಚುತ್ತೆ. ಆದರೆ ನಟ್ ಸುತ್ತ ತನ್ನಷ್ಟಕ್ಕೆ ತಿರುಗುವ ಬಳೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ಮನೆಬಾಗಿಲಿಗೆ ಬಂದು ಇದೊಂದೇ ಕೆಲಸ ಮಾಡುವವರು ಇದ್ದಾರೆ. ಫೋನಿನಲ್ಲೇ ದರ ಕೇಳಿ. ಡ್ರಿಲ್ ಮತ್ತು ವೆಲ್ಡಿಂಗ್ ಅವರಿಗೇ ಬಿಡಿ, ಒಂದು ಚಕ್ರ ಹಾಳಾದರೆ ಖರ್ಚು ಜಾಸ್ತಿ. ಒಂದು ನಟ್ ಹೋದರೆ ನಾಲ್ಕನ್ನೂ ಬದಲಾಯಿಸಿ. ಚಕ್ರ ವಾಪಸ್ ಹಾಕಿದ ಮೇಲೆ 50 ಮೈಲಿ ಓಡಿಸಿ ಮತ್ತೆ ಟಾರ್ಕ್ ನೋಡಿಸಿ.

ಈಗ ನಮ್ಮವರು ಸುಮ್ಮನಾಗಿಬಿಡುವ ಜಾಗ. ನಮ್ಮ ಕಡೆಯ ಹುಡುಗನೊಬ್ಬ, ದಾವಣಗೆರೆಯವನು, ಎರಡು ಟೈರ್ ಹಾಕಿಸಿಕೊಂಡು ಬಂದ. ಕೀ ಮುರಿದಿತ್ತು. 'ಮೊದಲೇ ಹಾಗಿತ್ತು' ಅಂದರು ಗ್ಯಾರೇಜಿನವರು, ಇವನು ಸಾರಿ ಹೇಳಿ ಬಂದ! ಹೀಗಾಗಬಾರದು. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ಗ್ಯಾರೇಜ್ ತಕ್ಕ ಜಾಗ್ರತೆ ಮತ್ತು ಕೌಶಲದಿಂದ ಕೆಲಸ ಮಾಡಲೇಬೇಕು. ಇಲ್ಲದಿದ್ದರೆ ಸರಿ ಮಾಡಿಕೊಡಿ ಅಥವಾ ಹಣ ಕಡಿಮೆ ಮಾಡಿ ಅಂತ ಕೇಳುವ ಹಕ್ಕು ನಿಮಗಿದೆ. ನಿಮ್ಮ ವೀಸಾ ಯಾವುದು ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ.

ದೂರು ಬಾಯಲ್ಲಿ ಬೇಡ, ಇಮೇಲ್ ಮಾಡಿ. ಯಾವ ದಿನ ಗಾಡಿ ಕೊಟ್ಟಿರಿ, ಕೀ ಹೇಗಿತ್ತು, ಈಗ ಹೇಗಿದೆ, ಏನು ಬೇಕು, ಎಷ್ಟು ದಿನದೊಳಗೆ ಬೇಕು, ಇಷ್ಟು ಬರೆದು ಫೋಟೋ ಸೇರಿಸಿ. ಗಾಡಿ ಬಿಡಿಸಿಕೊಳ್ಳೋಕೆ ದುಡ್ಡು ಕಟ್ಟಲೇಬೇಕಾದರೆ, 'ಒಪ್ಪದೆಯೇ ಕಟ್ಟುತ್ತಿದ್ದೇನೆ' ಅಂತ ಬಿಲ್ ಮೇಲೆ ಬರೆದು ಕಾರ್ಡ್‌ನಲ್ಲಿ ಕಟ್ಟಿ. ಗ್ಯಾರೇಜ್ ಮೋಟರ್ ಒಂಬಡ್ಸ್‌ಮನ್ (ಗಾಡಿ ವ್ಯವಹಾರದ ಜಗಳ ಬಗೆಹರಿಸುವ ಸಂಸ್ಥೆ) ಸದಸ್ಯ ಆಗಿದ್ದು, 8 ವಾರದಲ್ಲಿ ವಿಷಯ ಬಗೆಹರಿಯದಿದ್ದರೆ ಅಲ್ಲಿಗೆ ಹೋಗಬಹುದು, ಅದಕ್ಕೆ ಫೀಸ್ ಇಲ್ಲ. ಸದಸ್ಯ ಅಲ್ಲದಿದ್ದರೆ ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಗೆ ಫೋನ್ ಮಾಡಿ, ಮುಂದೇನು ಅಂತ ಹೇಳುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಸಣ್ಣ ಮೊತ್ತಕ್ಕೆ ವಕೀಲರಿಲ್ಲದೆ ನೀವೇ ಕೋರ್ಟಿನಲ್ಲಿ ಸ್ಮಾಲ್ ಕ್ಲೇಮ್ಸ್ (ಸಣ್ಣ ಮೊತ್ತದ ದಾವೆ) ಹಾಕಬಹುದು. ಸಾಮಾನ್ಯವಾಗಿ ಅಷ್ಟು ದೂರ ಹೋಗೋದೇ ಬೇಕಾಗಲ್ಲ. ದಾವಣಗೆರೆ ಹುಡುಗ ಫೋಟೋ ಹಾಕಿ ಇಮೇಲ್ ಕಳಿಸಿದ ಮೇಲೆ ಗ್ಯಾರೇಜಿನವರೇ ಹೊಸ ನಟ್ ಸೆಟ್ ಹಾಕಿಕೊಟ್ಟರು.