ಚೀನಿಕಾಯಿಯ ಖಾರದ ಅಡುಗೆ: ಹುಳಿ, ಸಾಸಿವೆ, ಗಟ್ಟಿ, ಸಿಪ್ಪೆ ಚಟ್ನಿ

ನಮ್ಮ ಕರಾವಳಿಯ ಕನ್ನಡದಲ್ಲಿ ಚೀನಿಕಾಯಿ, ತುಳುವಿನಲ್ಲಿ ಕೆಂಬುಡೆ, ಕೊಂಕಣಿಯಲ್ಲಿ ದುದ್ದೆ ಎನಿಸಿಕೊಂಡಿರುವ ಸಿಹಿಗುಂಬಳವನ್ನು ಪಾಯಸಕ್ಕೋ ಹಲ್ವಕ್ಕೋ ಹಾಕುವುದು ಸುಲಭ, ಏಕೆಂದರೆ ಅಲ್ಲಿ ಕಾಯಿಯ ಸಿಹಿಯೇ ಅರ್ಧ ಕೆಲಸ ಮುಗಿಸಿಕೊಡುತ್ತದೆ. ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥ ಮಾಡುವಾಗ ಮಾತ್ರ ಆ ಸಿಹಿಗೆ ಸರಿಸಮನಾಗಿ ಹುಣಸೆಹುಳಿ, ಮೆಣಸು, ಸಾಸಿವೆ ಇವುಗಳಲ್ಲಿ ಒಂದಾದರೂ ನಿಲ್ಲಬೇಕು. ಹಾಗೆ ನಿಲ್ಲದಿದ್ದಾಗಲೇ ಮಕ್ಕಳು ‘ಇವತ್ತೂ ಕೆಂಬುಡೆಯಾ’ ಎಂದು ಮುಖ ಕಿವುಚುತ್ತಾರೆ. ಅದು ಕಾಯಿಯ ತಪ್ಪಲ್ಲ, ಮಾಡಿದವರ ಕೈ ಹಿಂಜರಿದದ್ದರ ಫಲ.

ಹೆಸರಿನಲ್ಲಿ ಚೀನವಿದ್ದರೂ ಈ ಬಳ್ಳಿಯ ತವರು ಅಮೆರಿಕ ಖಂಡ. ಮೈಮೇಲೆ ಬೂದಿ ಬಳಿದುಕೊಂಡ ಬೂದುಗುಂಬಳವಾದರೋ ಏಷ್ಯದ್ದೇ, ಬೇರೆ ಕುಲದ್ದು. ಈಚೆಗೆ ದೊಡ್ಡ ಅಂಗಡಿಗಳಲ್ಲಿ ಕಾಣುವ, ಸೋರೆಬುರುಡೆಯಂಥ ಆಕಾರದ ಬಟರ್‌ನಟ್ ಸ್ಕ್ವಾಷ್ ನಮ್ಮ ಚೀನಿಕಾಯಿಯ ಒಡಹುಟ್ಟು, ಹಾಗಾಗಿ ಇಲ್ಲಿ ಹೇಳುವ ಎಲ್ಲ ಅಡುಗೆಗೂ ಅದು ಒದಗುತ್ತದೆ.

ಸಂತೆಯಲ್ಲಿ ಇಡೀ ಕಾಯಿ ಕೊಳ್ಳುವುದಾದರೆ ಹೊಳೆಯುವುದನ್ನು ಬಿಟ್ಟು ಮಂಕಾದ ಸಿಪ್ಪೆಯದನ್ನು, ಉಗುರು ಒತ್ತಿದರೆ ಗುರುತು ಮೂಡದ್ದನ್ನು, ಒಣಗಿದ ತೊಟ್ಟು ಇನ್ನೂ ಅಂಟಿಕೊಂಡಿರುವುದನ್ನು ಆರಿಸಬೇಕು. ತೊಟ್ಟು ಕಿತ್ತುಹೋದ ಜಾಗದಿಂದಲೇ ಕೊಳೆ ಒಳಸೇರುವುದರಿಂದ ಅಂಥದ್ದು ಮಳೆಗಾಲದಲ್ಲಿ ಉಳಿಯುವುದಿಲ್ಲ. ತೊಟ್ಟಿರುವ ಬಲಿತ ಕಾಯಿಯನ್ನು ನೆಲಕ್ಕೆ ತಾಗದಂತೆ, ಗಾಳಿಯಾಡುವ ಕಡೆ ಇಟ್ಟರೆ ಎರಡು ಮೂರು ತಿಂಗಳಿಗೂ ಕೆಡದು. ಹೆಚ್ಚಿದ ಮೇಲೆ ಬೀಜದ ತಿರುಳನ್ನು ಆಗಲೇ ತೆಗೆದುಬಿಟ್ಟು ಉಳಿದ ಭಾಗವನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸಬೇಕು. ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು: ಹಸಿ ಹೋಳಿನ ಒಂದು ಚೂರನ್ನು ನಾಲಿಗೆಗೆ ಹಚ್ಚಿ ನೋಡಿ, ಕಹಿ ಎನಿಸಿದರೆ ಇಡೀ ಕಾಯಿಯನ್ನು ಎಸೆಯಿರಿ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ತಿಂದರೆ ವಾಂತಿಭೇದಿ ಆಗುವುದುಂಟು. ಬೆಲ್ಲ ಹೆಚ್ಚು ಹಾಕಿ ಸುಧಾರಿಸುವ ಯೋಚನೆಯೇ ಬೇಡ.

ಈ ಕಾಯಿಯ ಅಡುಗೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಲಕ್ಷ್ಯ ಬೇಡುವುದು ಕಡಲೆ ಹಾಕಿದ ಹುಳಿ, ಅಂದರೆ ಕೊದ್ದೆಲ್. ಐದು ಜನಕ್ಕೆ ಅರ್ಧ ಕಿಲೋ ಚೀನಿಕಾಯಿ, ಹಿಂದಿನ ರಾತ್ರಿ ನೆನೆಹಾಕಿದ ಅರ್ಧ ಕಪ್ ಕಪ್ಪು ಕಡಲೆ, ಒಂದು ಕಪ್ ತೆಂಗಿನಕಾಯಿ ತುರಿ, ಏಳೆಂಟು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ, ಒಂದು ಚಿಕ್ಕ ಚಮಚ ಉದ್ದಿನಬೇಳೆ, ಕಾಲು ಚಮಚ ಮೆಂತೆ, ಚಿಟಿಕೆ ಇಂಗು, ಸಣ್ಣ ನಿಂಬೆ ಗಾತ್ರದ ಹುಣಸೆಹುಳಿ, ಅಡಕೆಯಷ್ಟು ಬೆಲ್ಲ ಸಾಕು. ಮದುವೆಯಾದ ಹೊಸದರಲ್ಲಿ ಕೆಲಸ ಬೇಗ ಮುಗಿಯಲೆಂದು ಕಡಲೆಯನ್ನೂ ಹೋಳುಗಳನ್ನೂ ಹುಳಿಯನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಐದು ಸೀಟಿ ಕೂಗಿಸಿದ್ದೆ. ಮುಚ್ಚಳ ತೆಗೆದರೆ ಚೀನಿಕಾಯಿ ಇದ್ದ ಗುರುತೇ ಇಲ್ಲದೆ ಕೆಂಪು ಗಂಜಿಯಾಗಿತ್ತು, ಕಡಲೆ ಮಾತ್ರ ಹಲ್ಲಿಗೆ ಕಲ್ಲಿನಂತೆ ಸಿಗುತ್ತಿತ್ತು. ‘ಕಡಲೆಗೆ ಹುಳಿ ತೋರಿಸ್ಬಾರ್ದು ಮಾರಾಯ್ತಿ, ಕೆಂಬುಡೆಗೆ ಹುಳಿ ತಪ್ಪಿಸ್ಬಾರ್ದು’ ಎಂದು ಅತ್ತೆ ನಕ್ಕುಬಿಟ್ಟರು. ಆ ಎರಡು ಮಾತಿನ ಹಿಂದೆ ಇರುವ ಕಾರಣ ಒಂದೇ: ಹುಳಿಯ ಆಮ್ಲವು ಕಾಳನ್ನೂ ತರಕಾರಿಯನ್ನೂ ಬೇಗ ಮೆತ್ತಗಾಗಲು ಬಿಡುವುದಿಲ್ಲ, ಅದು ಕಡಲೆಗೆ ಕೆಡುಕು, ಚೀನಿಕಾಯಿಗೆ ಒಳಿತು.

ಆದ್ದರಿಂದ ಕಡಲೆಯನ್ನು ಸ್ವಲ್ಪ ಉಪ್ಪು ಹಾಕಿ ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಪ್ರತ್ಯೇಕವಾಗಿ ಬೇಯಿಸಿಕೊಳ್ಳಬೇಕು. ಚೀನಿಕಾಯಿಯನ್ನು ಸಿಪ್ಪೆಸಹಿತ ಒಂದೂವರೆ ಅಂಗುಲದ ಹೋಳು ಮಾಡಿ (ಸಿಪ್ಪೆಯೇ ಹೋಳನ್ನು ಹಿಡಿದಿಡುತ್ತದೆ), ಹುಣಸೆ ಕಿವುಚಿದ ನೀರು, ಉಪ್ಪು, ಅರಸಿನ, ಬೆಲ್ಲ ಸೇರಿಸಿ ಅಗಲ ಬಾಯಿಯ ಪಾತ್ರೆಯಲ್ಲಿ, ಹೋಳು ಅರ್ಧ ಮುಳುಗುವಷ್ಟು ನೀರಿನಲ್ಲಿ ಮುಚ್ಚಿ ಬೇಯಿಸಬೇಕು. ಏಳೆಂಟು ನಿಮಿಷವಾದ ಮೇಲೆ ಹೋಳಿನ ಸಿಪ್ಪೆಯ ಬದಿಗೆ ಚೂರಿಯ ತುದಿ ಚುಚ್ಚಿ ನೋಡಬೇಕು: ಸುಲಭವಾಗಿ ಇಳಿಯುವಂತಿರಬೇಕು, ಆದರೆ ಎತ್ತಿದಾಗ ಹೋಳು ಒಡೆದು ಬೀಳಬಾರದು. ಒಂದೊಂದು ಕಾಯಿಗೆ ಒಂದೊಂದು ಹದವಿರುವುದರಿಂದ ಗಡಿಯಾರಕ್ಕಿಂತ ಚೂರಿಯನ್ನು ನಂಬುವುದು ಲೇಸು.

ಇತ್ತ ಒಂದು ಚಮಚ ತೆಂಗಿನೆಣ್ಣೆಯಲ್ಲಿ ಮೊದಲು ಉದ್ದಿನಬೇಳೆ ಮತ್ತು ಮೆಂತೆ, ಅವು ಕೆಂಪಗಾದ ಮೇಲೆ ಕೊತ್ತಂಬರಿ, ಕೊನೆಗೆ ಮೆಣಸು ಮತ್ತು ಇಂಗು ಹಾಕಿ ಸಣ್ಣ ಉರಿಯಲ್ಲಿ ಹುರಿಯಬೇಕು. ಮೆಂತೆ ಕಪ್ಪಾಗುವವರೆಗೆ ಬಿಟ್ಟರೆ ಹುಳಿಯೆಲ್ಲ ಕಹಿಯಾಗುತ್ತದೆ, ಬಣ್ಣ ತಿರುಗುವ ಮೊದಲೇ ಇಳಿಸಿದರೆ ಪರಿಮಳವೇ ಬರುವುದಿಲ್ಲ. ಹುರಿದದ್ದನ್ನು ಹಸಿ ಕಾಯಿತುರಿಯ ಜೊತೆ ನುಣ್ಣಗೆ ಅರೆದು, ಬೆಂದ ಹೋಳು ಮತ್ತು ಕಡಲೆಗೆ ಬೆರೆಸಿ, ಸೌಟಿನಿಂದ ತಿರುಗಿಸದೆ ಪಾತ್ರೆಯ ಕಿವಿ ಹಿಡಿದು ಅಲುಗಾಡಿಸುತ್ತ ಐದು ನಿಮಿಷ ಕುದಿಸಬೇಕು. ಒಗ್ಗರಣೆಗೆ ಸಾಸಿವೆ, ಕರಿಬೇವಿನಸೊಪ್ಪು, ಒಣಮೆಣಸು ಸಾಕು. ಕೊಂಕಣಿ ಮನೆಗಳ ಕೊದ್ದೆಲಿಗೆ ಕೊತ್ತಂಬರಿ, ಬೇಳೆ ಹುರಿದು ಹಾಕದೆ, ಜಜ್ಜಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಒಗ್ಗರಣೆ ಕೊಡುತ್ತಾರೆ. ಎರಡೂ ರುಚಿಯೇ, ಆದರೆ ಒಂದೇ ಪಾತ್ರೆಯಲ್ಲಿ ಎರಡನ್ನೂ ಸೇರಿಸಬೇಡಿ.

ಸಾಸಿವೆ ಎಂಬ ಮೊಸರಿನ ಪದಾರ್ಥದ ವಿಷಯ ಬೇರೆ, ಅಲ್ಲಿ ಒಲೆಯ ಕೆಲಸ ಬಹಳ ಕಡಿಮೆ. ಕಾಲು ಕಿಲೋ ಹೋಳನ್ನು ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಉಪ್ಪು, ಬೆಲ್ಲ ಹಾಕಿ ಬೇಯಿಸಿ ಪೂರ್ತಿ ಆರಲು ಬಿಡಬೇಕು. ಅರ್ಧ ಕಪ್ ಕಾಯಿತುರಿ, ಒಂದು ಒಣಮೆಣಸು ಮತ್ತು ಅರ್ಧ ಚಿಕ್ಕ ಚಮಚ ಹಸಿ ಸಾಸಿವೆಯನ್ನು ತಣ್ಣೀರು ಹಾಕಿ ಅರೆದು, ಒಂದು ಕಪ್ ಸಿಹಿ ಮೊಸರಿನೊಂದಿಗೆ ಆರಿದ ಹೋಳಿಗೆ ಕಲಸಬೇಕು. ಸಾಸಿವೆಯ ಮೂಗಿಗೇರುವ ಘಾಟು ಅರೆದಾಗ ನೀರಿನ ಸಂಗದಲ್ಲಿ ಹುಟ್ಟುವಂಥದ್ದು, ಬಿಸಿ ತಾಗಿದರೆ ಅಡಗಿಹೋಗುತ್ತದೆ. ಹೋಳು ಬಿಸಿಯಿರುವಾಗಲೇ ಬೆರೆಸಿದವರಿಗೆ ಬರೀ ಸಿಹಿ ಮೊಸರು ಸಿಗುವುದು ಇದೇ ಕಾರಣಕ್ಕೆ. ಬಡಿಸುವುದಕ್ಕೆ ಹತ್ತು ನಿಮಿಷ ಮೊದಲು ಕಲಸಿದರೆ ಹದವಾಗಿರುತ್ತದೆ.

ತೆಂಗಿನಕಾಯಿ ತುರಿಯಲು ಪುರುಸೊತ್ತಿಲ್ಲದ ದಿನ ಬೋಳು ಹುಳಿ ಮಾಡಬಹುದು: ಹೋಳನ್ನು ಹುಣಸೆ, ಬೆಲ್ಲ, ಉಪ್ಪು, ಸೀಳಿದ ಹಸಿಮೆಣಸಿನೊಂದಿಗೆ ಬೇಯಿಸಿ, ಸ್ವಲ್ಪ ಹಿಸುಕಿ, ಇಂಗಿನ ಒಗ್ಗರಣೆ ಕೊಟ್ಟರೆ ಮುಗಿಯಿತು.

ಮಳೆಗಾಲದ ಸಂಜೆಗೆ ಖಾರದ ಗಟ್ಟಿಯೂ ಚೆನ್ನ. ಎರಡು ಕಪ್ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಯನ್ನು ಮೂರು ಗಂಟೆ ನೆನೆಸಿ, ಒಂದು ಕಪ್ ಕಾಯಿತುರಿ, ಐದಾರು ಒಣಮೆಣಸು, ಕೊತ್ತಂಬರಿ, ಜೀರಿಗೆ, ಚೂರು ಹುಣಸೆಯೊಂದಿಗೆ ರವೆಯಂತೆ ತರಿಯಾಗಿ, ಆದಷ್ಟು ಕಡಿಮೆ ನೀರಿನಲ್ಲಿ ಅರೆಯಬೇಕು. ಎರಡು ಕಪ್ ತುರಿದ ಚೀನಿಕಾಯಿಯನ್ನು ಹಿಂಡದೆ ಹಾಗೆಯೇ ಬೆರೆಸಿ, ಉಪ್ಪನ್ನು ಎಲೆಗೆ ಹಚ್ಚುವ ಹೊತ್ತಿಗೆ ಸೇರಿಸಬೇಕು, ಏಕೆಂದರೆ ಉಪ್ಪು ಬಿದ್ದ ಕೂಡಲೇ ತುರಿ ನೀರು ಬಿಡಲು ತೊಡಗಿ ಹಿಟ್ಟು ಸಡಿಲವಾಗುತ್ತದೆ. ಬಾಡಿಸಿದ ಬಾಳೆಲೆಯಲ್ಲಿ ಮಡಚಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ, ತೆಂಗಿನೆಣ್ಣೆ ಹಾಕಿಕೊಂಡು ತಿನ್ನಬೇಕು.

ಹೋಳಿನಿಂದ ತೆಗೆದ ದಪ್ಪ ಸಿಪ್ಪೆಯನ್ನೂ ಬೀಜದ ಸುತ್ತಲಿನ ನಾರುತಿರುಳನ್ನೂ ಎಸೆಯುವುದು ನನಗೆ ಇಂದಿಗೂ ಮನಸ್ಸಿಗೆ ಒಪ್ಪದ ಕೆಲಸ. ಸಿಪ್ಪೆಯನ್ನು ತೊಳೆದು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ ಬೇಯಿಸಿ, ಕಾಯಿತುರಿ, ಹುರಿದ ಉದ್ದಿನಬೇಳೆ, ಗಾಂಧಾರಿ ಮೆಣಸು, ಹುಣಸೆಯೊಂದಿಗೆ ಗಟ್ಟಿಯಾಗಿ ಅರೆದರೆ ಕುಚ್ಚಲಕ್ಕಿ ಗಂಜಿಗೆ ನೆಂಚಿಕೊಳ್ಳಲು ಚಟ್ನಿ ಸಿದ್ಧ. ತಿರುಳನ್ನು ಬೀಜ ಬೇರ್ಪಡಿಸಿ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿಯೊಂದಿಗೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿಯಾಗುತ್ತದೆ.

ಕೊದ್ದೆಲ್ ಉಳಿದರೆ ಒಳ್ಳೆಯದೇ, ಮರುದಿನ ಕಡಲೆಗೆ ಹುಳಿಖಾರ ಇನ್ನೂ ಚೆನ್ನಾಗಿ ಹಿಡಿದಿರುತ್ತದೆ. ಆದರೆ ನಮ್ಮ ಸೆಕೆಗೆ ಕಾಯಿ ಅರೆದು ಹಾಕಿದ ಪದಾರ್ಥ ಬೇಗ ಹಳಸುವುದರಿಂದ ರಾತ್ರಿ ಮಲಗುವ ಮೊದಲು ಒಮ್ಮೆ ಚೆನ್ನಾಗಿ ಕುದಿಸಿ, ಆರಿದ ಮೇಲೆ ಫ್ರಿಜ್ಜಿಗೆ ಸೇರಿಸಿ, ಬೆಳಗ್ಗೆ ಮತ್ತೆ ಕುದಿಸಿ ದೋಸೆಗೆ ಬಡಿಸಬೇಕು.