ಮುದ್ರಿಸಿದ ಕಾಗದವನ್ನು ಚಾವಣಿಯಿಂದ ತೂಗಿಬಿಡುವಾಗ

ಟೊರೊಂಟೊದಲ್ಲಿ ನೆಲೆಸಿ ಮುದ್ರಣಕಲೆಯನ್ನೇ ಕಸುಬಾಗಿಸಿಕೊಂಡಿರುವ ನಾನು ಚೌಕಟ್ಟಿನ ಚಿತ್ರಗಳಿಂದ ಇಡೀ ಕೋಣೆಯನ್ನು ತುಂಬುವ ಪ್ರತಿಷ್ಠಾಪನ ಕಲೆಯತ್ತ ಹೊರಳಿದಾಗ, ಅಚ್ಚು ಕೆತ್ತುವುದಕ್ಕಿಂತಲೂ ಕಾಗದದ ಸ್ವಭಾವವನ್ನು ಅರಿಯುವುದೇ ದೊಡ್ಡ ಕೆಲಸವಾಯಿತು.

ನಾನು ಬಳಸುವುದು ಹಿಪ್ಪುನೇರಳೆ ಜಾತಿಯ ಗಿಡವೊಂದರ ತೊಗಟೆಯ ನಾರಿನಿಂದ ಮಾಡುವ ಜಪಾನಿನ ಕೋಜೋ ಕಾಗದವನ್ನು. ಕೆನಡಾದ ಮುದ್ರಣಕಲೆಗೆ ಜಪಾನಿನ ನಂಟು ಹೊಸದಲ್ಲ. ಆರ್ಕ್ಟಿಕ್ ಪ್ರದೇಶದ ಕಿನ್‌ಗೈಟ್ ಎಂಬ ಊರಿನ, ಇನ್ಯೂಯಿಟ್ ಎಂಬ ಮೂಲನಿವಾಸಿ ಸಮುದಾಯದ ಕಲಾವಿದರ ಮುದ್ರಣಗಳ ಮೊದಲ ವಾರ್ಷಿಕ ಸಂಗ್ರಹ 1959ರಲ್ಲಿ ಹೊರಬಂದದ್ದು, ಅವರೊಂದಿಗೆ ದುಡಿಯುತ್ತಿದ್ದ ಜೇಮ್ಸ್ ಹ್ಯೂಸ್ಟನ್ ಜಪಾನಿನ ಉನ್ಇಚಿ ಹಿರಾತ್ಸುಕ ಅವರ ಬಳಿ ಮರದಚ್ಚಿನ ವಿದ್ಯೆ ಕಲಿತು ಬಂದ ನಂತರ. ಕೋಜೋದ ನಾರು ಬಹಳ ಉದ್ದವಾದ್ದರಿಂದ ಕಾಗದ ತೆಳುವಾದರೂ ತನ್ನ ಭಾರವನ್ನು ತಾನೇ ತಡೆದುಕೊಳ್ಳುತ್ತದೆ.

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಬರ್ಚ್ ಪ್ಲೈವುಡ್ ಹಲಗೆಯ ಮೇಲೆ ಕೆತ್ತುತ್ತೇನೆ. ಅಷ್ಟು ದೊಡ್ಡ ಹಲಗೆ ನನ್ನ ಪ್ರೆಸ್ಸಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ, ರೋಲರಿನಿಂದ ಎಣ್ಣೆ ಶಾಯಿ ಹಚ್ಚಿ, ಕಾಗದ ಹಾಸಿ, ಹಿಂಬದಿಯಿಂದ ಬಾರೆನ್ ಎಂಬ ಚಪ್ಪಟೆ ಬಿಲ್ಲೆಯಲ್ಲಿ ಉಜ್ಜುತ್ತೇನೆ. ಉಜ್ಜಿದ ಕಡೆಯಲ್ಲೆಲ್ಲ ಶಾಯಿಯ ನೆರಳು ತೆಳು ಕಾಗದದ ಮೂಲಕ ಮೇಲಕ್ಕೆ ಮೂಡುವುದರಿಂದ ಎಲ್ಲಿ ಒತ್ತಡ ಸಾಲದೆಂಬುದು ಅಲ್ಲಿಯೇ ಕಾಣುತ್ತದೆ. ತೂಗುಹಾಕಿದ ಮೇಲೆ ನೋಡುಗರು ಎರಡೂ ಬದಿಗಳನ್ನು ನೋಡುವರಾದ್ದರಿಂದ ಆ ಹಿಂಬದಿಯ ನೆರಳೂ ನನಗೆ ಚಿತ್ರವೇ.

ಹಾಳೆಗಳನ್ನು ಜೋಡಿಸಬೇಕಾದಲ್ಲಿ ಕತ್ತರಿ ಬಳಸುವುದಿಲ್ಲ. ಒದ್ದೆ ಕುಂಚದಿಂದ ಗೆರೆ ಎಳೆದು, ಆ ಗೆರೆಯುದ್ದಕ್ಕೂ ಕಾಗದವನ್ನು ಮೆಲ್ಲನೆ ಹರಿದರೆ ಅಂಚಿನುದ್ದಕ್ಕೂ ನಾರಿನ ಎಳೆಗಳು ಚಾಚಿಕೊಳ್ಳುತ್ತವೆ. ಎರಡು ಹಾಳೆಗಳ ಎಳೆಗಳನ್ನು ಒಂದರ ಮೇಲೊಂದು ಕೂರಿಸಿ, ತಿಳಿಗಂಜಿಯಷ್ಟು ತೆಳುವಾದ ಗೋಧಿ ಪಿಷ್ಟದ ಅಂಟು ಸವರಿ, ಭಾರವಿಟ್ಟು ಒಣಗಿಸಿದರೆ ಬೆಸುಗೆ ಹುಡುಕಿದರೂ ಸಿಗುವುದು ಕಷ್ಟ. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಹಂತ ಇದೇ.

ಹೆಚ್ಚಿನ ಎಚ್ಚರ ಬೇಕಾಗುವುದು ತೂಗುಹಾಕುವಾಗ. ಕೆನಡಾದ ಚಳಿಗಾಲದಲ್ಲಿ ಹೀಟರ್ ಹಾಕಿದ ಕಟ್ಟಡದೊಳಗಿನ ಗಾಳಿ ತೀರ ಒಣಗಿರುತ್ತದೆ; ಬೇಸಿಗೆಯಲ್ಲಿ ತೇವ ಏರುತ್ತದೆ. ಹಾಳೆಯಲ್ಲಿ ಬಹುಪಾಲು ಒಂದೇ ದಿಕ್ಕಿಗೆ ಮಲಗಿರುವ ನಾರು ತೇವಕ್ಕೆ ಉದ್ದವಾಗುವುದಕ್ಕಿಂತ ಹೆಚ್ಚಾಗಿ ದಪ್ಪವಾಗುವುದರಿಂದ ಹಾಳೆ ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಹಿಗ್ಗಿ ಕುಗ್ಗುತ್ತದೆ. ನಾಲ್ಕೂ ಮೂಲೆಗಳನ್ನು ಬಿಗಿದರೆ ಸುಕ್ಕು ಖಚಿತ, ಹರಿಯಲೂಬಹುದು. ಆದ್ದರಿಂದ ಮೇಲಂಚನ್ನು ಮಾತ್ರ ತೆಳು ಮರದ ಪಟ್ಟಿಗೆ ಅಂಟಿಸಿ, ಉಳಿದ ಮೂರು ಅಂಚುಗಳನ್ನು ಸ್ವತಂತ್ರವಾಗಿ ಬಿಡುತ್ತೇನೆ.

ಬೆಂಕಿ ನಿಯಮಗಳ ಕಾರಣ ಕೆಲವು ಗ್ಯಾಲರಿಗಳು ಅಗ್ನಿನಿರೋಧಕ ದ್ರಾವಣ ಸಿಂಪಡಿಸಲು ಹೇಳುತ್ತವೆ. ಅದರಲ್ಲಿನ ಲವಣಗಳು ಕಾಗದದ ಬಣ್ಣ ಕೆಡಿಸಬಹುದಾದ್ದರಿಂದ, ಅದೇ ಕಾಗದದ, ಅದೇ ಶಾಯಿಯ ತುಂಡೊಂದರ ಮೇಲೆ ಮೊದಲು ಪರೀಕ್ಷಿಸದೆ ನಾನು ಒಪ್ಪುವುದಿಲ್ಲ. ಹಾಗೆಯೇ ಕೃತಿಯ ಸುತ್ತ ಹಗ್ಗ ಕಟ್ಟಬಾರದೆಂದು ಕೇಳಿಕೊಳ್ಳುತ್ತೇನೆ: ಜನರು ಹಾಳೆಗಳ ನಡುವೆ ನಡೆದಾಡಬೇಕು, ಅವರ ನಡಿಗೆಯ ಗಾಳಿಗೆ ಕಾಗದ ಅಲುಗಬೇಕು ಎಂದೇ ನಾನದನ್ನು ಗೋಡೆಯಿಂದ ಬಿಡಿಸಿ ತಂದದ್ದು.